ಅವ್ವನ ಮೊಳ

"ನಿಮ್ಮ ಕೋಲಿಗಿಷ್ಟು ಬೆಂಕಿ ಬೀಳ. ಅದನ್ನ ನಂಬ್ಕೊಂಡು ನನ್ ಮನೆ ಆಳಾಗೋಯ್ತು ಸಾಬ್ರೇ."

"ಕೋಲ್ನ ಯಾಕಯ್ಯ ಬೈತೀಯ? ಕೋಲು ಯಾವತ್ತಾದ್ರೂ ಸುಳ್ಳು ಯೋಳ್ತದಾ?"

"ಅಂಗಾದ್ರೆ ಪುರಸಭೆಯೋರು ಟೇಪು ಇಡ್ಕೊಂಡು ಸುಳ್ಳು ಯೋಳವ್ರಾ? ಒಂದಡಿ ಮೂರಿಂಚು ಗೋಡೆ ಆಚೆಗೆ ಬಂದದೆ ಅಂತ ಕಾಗದ ಅಂಟಿಸಿ ಓಗವ್ರೆ. ನಲವತ್ತು ವರ್ಸದಿಂದ ಕರಣೆ ಇಡ್ದಿದೀನಿ ಅಂತೀರಲ್ಲ, ಕಣ್ಣು ಎಲ್ಲಿಟ್ಟಿದ್ರಿ ಆವತ್ತು?"

ಚಿಕ್ಕಸ್ವಾಮಿಯ ದನಿ ಪಾಂಡವಪುರದ ಆ ಬೀದಿಯ ಕೊನೆಯ ಮನೆಯವರೆಗೂ ಕೇಳುತ್ತಿತ್ತು. ಬಸ್ ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಮಿಲ್ಲು ನಡೆಸುವವನು ಅವನು. ಬೆಳಗಿನಿಂದ ಸಂಜೆವರೆಗೆ ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿ, ಪ್ರೀತಿಯ ಮಾತನ್ನೂ ಜಗಳದ ಹಾಗೇ ಆಡುವುದು ರೂಢಿಯಾಗಿತ್ತು. ಆದರೆ ಇವತ್ತಿನದು ನಿಜವಾದ ಜಗಳವೇ. ಅವನು ಜಗಲಿಯ ಮೇಲೆ ನೋಟೀಸು ಹಿಡಿದು ನಿಂತಿದ್ದ. ಕೆಳಗೆ ಬಿಸಿಲಲ್ಲಿ, ಗಂಜಾಮಿನಿಂದ ಬಸ್ಸು ಹಿಡಿದು ಬಂದ ಗಾರೆ ಮೇಸ್ತ್ರಿ ಅಬ್ದುಲ್ ವಾಹಿದ್ ತಲೆಯ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಈ ಮನೆಗೆ ಪಾಯದಿಂದ ಹಿಡಿದು ಕೊನೆಯ ಇಟ್ಟಿಗೆಯವರೆಗೂ ಇಟ್ಟದ್ದು ಅವರದೇ ಕೈ.

ನೋಟೀಸು ಬರಲು ಕಾರಣ ಚಿಕ್ಕಸ್ವಾಮಿಯೇ. ಹಿಂದಿನ ಮನೆಯ ಸೋಮಯ್ಯ ತನ್ನ ಕಿಟಕಿಗೆ ಸಜ್ಜಾ ಹಾಕಿಸಿದ್ದ. ಎರಡು ಮನೆಗಳ ನಡುವಿನ ಸಂದಿಯ ಮೇಲೆ ಅದು ಒಂಬತ್ತು ಇಂಚು ಚಾಚಿಕೊಂಡಿತ್ತು. ಮಳೆ ಬಂದರೆ ನೀರು ನಮ್ಮ ಗೋಡೆಗೆ ಹೊಡೆಯುತ್ತದೆ ಎಂದು ಚಿಕ್ಕಸ್ವಾಮಿ ಬಾಯಲ್ಲಿ ಹೇಳಿದ್ದರೆ ಆಗುತ್ತಿತ್ತು. ಅವನು ಹಾಗೆ ಮಾಡುವ ಆಸಾಮಿಯಲ್ಲ. ಪುರಸಭೆಗೆ ಹೋಗಿ ಅರ್ಜಿ ಬರೆದುಕೊಟ್ಟ. ಅಳೆಯಲು ಬಂದ ಎಂಜಿನಿಯರ್ ರಘುನಂದನ್, ಸಜ್ಜಾ ಅಳೆದವನು ಟೇಪನ್ನು ಸುಮ್ಮನೆ ಸುತ್ತಿಡದೆ ಈಚೆಯ ಗೋಡೆಗೂ ಹಿಡಿದ. ಪ್ಲಾನಿನಲ್ಲಿ ಇಪ್ಪತ್ತೆಂಟೂವರೆ ಅಡಿ ಇದ್ದ ಮನೆ ಅಳತೆಯಲ್ಲಿ ಇಪ್ಪತ್ತೊಂಬತ್ತು ಅಡಿ ಒಂಬತ್ತು ಇಂಚು ಬಂತು. ಅಡುಗೆಮನೆಯ ಹಿಂಗೋಡೆ ಸಂದಿಗೆ ನುಗ್ಗಿತ್ತು. ಇಬ್ಬರಿಗೂ ಒಂದೇ ದಿನ ನೋಟೀಸು ಬಂತು. ಸೋಮಯ್ಯ ಅರ್ಧ ದಿನದಲ್ಲಿ ಸಜ್ಜಾ ಒಡೆಸಿ ಮುಗಿಸಿದ. ಚಿಕ್ಕಸ್ವಾಮಿಗೆ ಮೂವತ್ತು ದಿನ ಗಡುವು, ಅದರಲ್ಲಿ ಹದಿನೆಂಟು ಆಗಲೇ ಓಡಾಟದಲ್ಲಿ ಕಳೆದುಹೋಗಿತ್ತು.

"ಆವತ್ತು ನೀನು ಏನಂದೆ, ಅದೂ ಯೋಳು ಈಗ," ಎಂದರು ವಾಹಿದ್. "ಪ್ಲಾನು ಕಾಗದಕ್ಕೆ, ಆಯ ಮನೆಗೆ. ಅಂಗಂತ ಯೋಳ್ದೋನು ನಾನಾ ನೀನಾ?"

ಚಿಕ್ಕಸ್ವಾಮಿ ನೋಟೀಸು ಮಡಚಿದ. ಹೇಳಿದ್ದು ಅವನೇ.

ಸೈಟು ಅವ್ವ ಚಿಕ್ಕಬೋರಮ್ಮನ ಹೆಸರಿನಲ್ಲಿತ್ತು. ಯಾರ ಹೆಸರಿನ ಜಾಗವೋ ಅವರ ಕೈಯಿಂದಲೇ ಮನೆಗೆ ಅಳತೆ ತೆಗೆಯುವುದು ವಾಹಿದ್ ಅವರ ಪದ್ಧತಿ. ಅವ್ವನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹಿಡಿದು, ಅಷ್ಟೇ ಉದ್ದಕ್ಕೆ ಬಿದಿರುಕೋಲು ಕತ್ತರಿಸಿದ್ದರು. ಸರಿಯಾಗಿ ಹದಿನೇಳು ಇಂಚು. ಪ್ಲಾನಿನ ಪ್ರಕಾರ ಮನೆ, ಮಿಕ್ಕ ಎರಡಿಂಚು ಬಿಟ್ಟರೆ, ಆ ಕೋಲಿಗೆ ಇಪ್ಪತ್ತು ಮೊಳ ಉದ್ದ, ಹದಿನೈದು ಮೊಳ ಅಗಲ ಬರುತ್ತಿತ್ತು. ಮನೆಯ ಆಯ ನೋಡಲು ಎರಡನ್ನೂ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವುದು ನಾಲ್ಕು. ನಾಲ್ಕು ಉಳಿದರೆ ನಾಯಿ ಆಯ, ಮನೆಗೆ ಒಳ್ಳೆಯದಲ್ಲ ಅಂತ ಲೆಕ್ಕ. ಚಿಕ್ಕಸ್ವಾಮಿ ಅಲ್ಲೇ ಎಗರಾಡಿದ್ದ. ಒಂದು ಮೊಳ ಹಿಂದಕ್ಕೆ ಎಳೆದರೆ ಶೇಷ ಮೂರು, ಸಿಂಹದ ಆಯ. ಎಳೀರಿ, ಯಾವನು ಕೇಳ್ತಾನೆ ನೋಡ್ತೀನಿ ಅಂದಿದ್ದ. ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ.

"ನಾನು ನೂರು ಯೋಳ್ತೀನಿ," ಎಂದ ಚಿಕ್ಕಸ್ವಾಮಿ. "ಮೇಸ್ತ್ರಿಯಾದೋನು ಬ್ಯಾಡ ಕಣಯ್ಯ ಅನ್ಬೇಕಾಗಿತ್ತು. ಈಗ ಗೋಡೆ ಒಡುದ್ರೆ ನಮ್ಮವ್ವನ ಗತಿ ಏನು? ಈ ಮನೇಲಿ ಆದ್ರೆ ಒಬ್ಳೇ ಓಡಾಡ್ತಾಳೆ, ಮುದ್ದೆ ತಿರುವ್ತಾಳೆ. ಬೇರೆ ಕಡೆ ಓದ್ರೆ ಎದ್ದು ಕೂರಕ್ಕೂ ಇನ್ನೊಬ್ರ ಕೈ ಬೇಕು. ಗೊತ್ತಾ ನಿಮ್ಗೆ?"

ಅವನ ಸಿಟ್ಟಿನ ಬೇರು ಇದೇ ಆಗಿತ್ತು. ನಾಲ್ಕು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವ್ವನ ಎರಡೂ ಕಣ್ಣು ತಿಂದಿತ್ತು. ಆಮೇಲೊಮ್ಮೆ ಹೊಣಕೆರೆಯಲ್ಲಿರುವ ಮಗಳ ಮನೆಗೆ ಹೋದವಳು, ದೊಡ್ಡ ಮನೆ, ಒಳ್ಳೆಯ ಜನ, ಆದರೂ ಎರಡೇ ದಿನಕ್ಕೆ ಮಂಚದ ಮೇಲೆ ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟಿದ್ದಳು. ಕರೆದುಕೊಂಡು ಬಂದು ತಲೆಬಾಗಿಲಲ್ಲಿ ಬಿಟ್ಟ ಕೂಡಲೇ ಸರಸರ ನಡೆದುಹೋಗಿ ನೀರಿನ ಹಂಡೆಯಿಂದ ಚೊಂಬು ಮುಳುಗಿಸಿ ಕುಡಿದಿದ್ದಳು. ಮನೆ ಅಭ್ಯಾಸವಾಗಿದೆ, ಅದಕ್ಕೆ ಎಂದುಕೊಂಡಿದ್ದ ಚಿಕ್ಕಸ್ವಾಮಿ. ಅದರಾಚೆಗೆ ಯೋಚಿಸಿರಲಿಲ್ಲ. ಈಗ ಆ ಅಡುಗೆಮನೆಯನ್ನೇ ಒಡೆಯಬೇಕು ಎಂದಾಗ, ಅವ್ವ ಮತ್ತೆ ಆ ಮಂಚದ ಮೇಲೆ ಕೂತು ಅಳುವುದು ಕಣ್ಣಿಗೆ ಕಟ್ಟಿತ್ತು.

"ಗೊತ್ತು," ಎಂದರು ವಾಹಿದ್ ಮೆಲ್ಲಗೆ.

"ಏನು ಗೊತ್ತು? ಮಣ್ಣು ಗೊತ್ತು. ನಡೀರಿ. ಇನ್ನೊಂದ್ಸಲ ನನ್ನ ಹೊಸ್ತಿಲು ತುಳುದ್ರೆ ನೋಡಿ."

ಒಳಗಿನಿಂದ ಹೆಂಡತಿ ಸುನಿತಾ, "ಏನ್ ಮಾತು ಅಂತ ಆಡ್ತೀರಿ, ದೊಡ್ಡೋರ ಮುಂದೆ," ಎಂದಳು. ಆದರೆ ಮಾತು ಆಗಲೇ ಹೊರಬಿದ್ದಿತ್ತು.

ವಾಹಿದ್ ಟೋಪಿಯನ್ನು ತಲೆಗೆ ಹಾಕಿಕೊಂಡರು. "ಆಯ್ತಪ್ಪ. ನೀನು ಯೋಳಿದ್ರೂ ಎಳೆದ ಕೈ ನಂದು. ಗೋಡೆ ನಾನೇ ಇಳಿಸ್ತೀನಿ, ನಾನೇ ಎಬ್ಬಿಸ್ತೀನಿ. ನಿನ್ನ ಹೊಸ್ತಿಲು ಮಾತ್ರ ತುಳಿಯಾಕಿಲ್ಲ. ಖುದಾನ ಆಣೆ."

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಹಿತ್ತಲಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ಚಿಕ್ಕಸ್ವಾಮಿ ಹೋಗಿ ನೋಡಿದ. ಬೀದಿ ಸುತ್ತಿಕೊಂಡು, ಮೈ ಅಡ್ಡ ಮಾಡಿ ತೂರಿಕೊಂಡೇ ಬರಬೇಕಾದ ಆ ಇಕ್ಕಟ್ಟು ಸಂದಿಯಲ್ಲಿ ಬಂದು, ಅರವತ್ತೆರಡು ವರ್ಷದ ಮನುಷ್ಯ ಅಡುಗೆಮನೆಯ ಶೀಟಿನ ಬೋಲ್ಟು ಬಿಚ್ಚುತ್ತಿದ್ದರು. ಕೂಲಿಯವರನ್ನು ಕರೆತಂದಿರಲಿಲ್ಲ. ಚಿಕ್ಕಸ್ವಾಮಿ ಬಂದ ದಾರಿಯಲ್ಲೇ ತಿರುಗಿದ. ಮಿಲ್ಲಿಗೆ ಹೋದ.

ಎರಡು ದಿನದಲ್ಲಿ ಶೀಟು ಇಳಿಯಿತು, ಒಲೆಯ ಕಟ್ಟೆ ಹೋಯಿತು, ಹಿಂಗೋಡೆಯೂ ಅದಕ್ಕೆ ಸೇರಿದ ಪಕ್ಕದ ಗೋಡೆಯ ತುದಿಯೂ ನೆಲ ಕಂಡವು. ವಾಹಿದ್ ಒಡೆದ ಜಾಗದಿಂದಲೇ ಒಳಗೆ ಬಂದು, ಅದೇ ಜಾಗದಿಂದ ಹೊರಗೆ ಹೋಗುತ್ತಿದ್ದರು. ಸುನಿತಾ ಜಗಲಿಯ ಮೂಲೆಯಲ್ಲಿ ಗ್ಯಾಸ್ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದಳು. ಮೇಸ್ತ್ರಿಗೆ ಊಟ ಬಡಿಸಿಕೊಂಡು ಹೋದರೆ, "ಡಬ್ಬಿ ತಂದಿದೀನಿ ಕಣವ್ವ," ಎಂದು ಇಟ್ಟಿಗೆಗಳ ಮೇಲೆ ಕೂತು ಚಪಾತಿ ತಿನ್ನುತ್ತಿದ್ದರು. ಸೋಮಯ್ಯ ತನ್ನ ಕಿಟಕಿಯಲ್ಲಿ ತಲೆ ಹಾಕಿ, "ಚಿಕ್ಕಸ್ವಾಮಣ್ಣ, ಇನ್ನೊಂದು ಅರ್ಜಿ ಬರಿಯಣ್ಣ. ನಮ್ಮ ಕಕ್ಕಸ್ಸೂ ಒಂಚೂರು ಉದ್ದ ಆಗದೆ ಅಂತ ಡೌಟು ನಂಗೆ," ಎಂದ. ಚಿಕ್ಕಸ್ವಾಮಿ ಅವನಿಗೆ ಕೊಟ್ಟ ಉತ್ತರ ಬರೆಯುವಂಥದ್ದಲ್ಲ.

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದಾಗ, ಹೊಸ ಗೋಡೆಗೆ ಹುರಿ ಕಟ್ಟಿ ಸುಣ್ಣ ಎಳೆದಿರುವುದು ಕಂಡಿತು. ಚಿಕ್ಕಸ್ವಾಮಿಗೆ ಯಾಕೋ ಅನುಮಾನ. ಒಳಗಿಂದ ಟೇಪು ತಂದು ಹಿಡಿದು ನೋಡಿದ. ನೋಟೀಸಿನಲ್ಲಿದ್ದದ್ದು ಒಂದಡಿ ಮೂರಿಂಚು. ಸುಣ್ಣದ ಗೆರೆ ಇದ್ದದ್ದು ಒಂದಡಿ ಐದಿಂಚಿಗೆ.

"ಏನ್ರೀ ಇದು? ಇನ್ನೂ ಎರಡಿಂಚು ನುಂಗ್ಬುಟ್ರಾ?"

"ಔದು," ಎಂದರು ವಾಹಿದ್, ನೇರ ನೋಡಲು ಹುರಿಯ ತೂಗುಗುಂಡು ಇಳಿಬಿಡುತ್ತಾ.

"ಔದಂತೆ. ಸರ್ಕಾರ ಕೇಳ್ದೇ ಇರೋ ಎರಡಿಂಚು ಜಾಗ ಬುಟ್ಕೊಡಕ್ಕೆ ಇದೇನು ನಿಮ್ಮಪ್ಪಂದಾ? ಓದ್ಸಲ ಆಚಿಕ್ ಎಳುದ್ರಿ, ಈ ಸಲ ಒಳಿಕ್. ಸರಿಯಾಗಿ ಒಂದು ಗೋಡೆ ನಿಲ್ಸಕ್ಕೆ ಬರಾಕಿಲ್ವಾ ನಿಮ್ಗೆ? ಒರೆಸಿ ಆ ಗೆರೆನ. ಒರೆಸ್ರೀ ಮೊದ್ಲು."

"ಒರೆಸಾಕಿಲ್ಲ."

ಚಿಕ್ಕಸ್ವಾಮಿ ಟೇಪನ್ನು ನೆಲಕ್ಕೆ ಎಸೆದ. ಆ ಸದ್ದಿಗೋ, ಅವನ ಕೂಗಿಗೋ, ಒಳಗೆ ಮಲಗಿದ್ದ ಅವ್ವ ಎದ್ದು ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾಕ್ಲಾ, ಯಾರ್ಗ್ಲಾ ಅಂಗೆ ಬೊಗುಳ್ತಿದ್ದೀಯ?" ಎಂದಳು.

"ನೀನು ಒಳಿಕ್ ಓಗವ್ವ, ಇಲ್ಲೆಲ್ಲಾ ಇಟ್ಟಿಗೆ ಚೂರು ಬಿದ್ದವೆ," ಎಂದು ಚಿಕ್ಕಸ್ವಾಮಿ ಮುಂದಕ್ಕೆ ಹೊರಟ. ವಾಹಿದ್ ಅವನ ರಟ್ಟೆ ಹಿಡಿದು ನಿಲ್ಲಿಸಿದರು.

"ಸುಮ್ನೆ ನಿಂತ್ಕೊ. ನಾನು ಚೂರೆಲ್ಲ ಗುಡಿಸಿದೀನಿ. ನಿಮ್ಮವ್ವನ ಕೈ ನೋಡು."

ಅವ್ವ ಎಡಗಡೆಯ ಗೋಡೆಗೆ ತಿರುಗಿದಳು. ಬಾಗಿಲ ಚೌಕಟ್ಟಿಗೆ ಮೊಣಕೈ ಊರಿ, ಮುಂಗೈಯನ್ನು ಗೋಡೆಯ ಉದ್ದಕ್ಕೆ ಚಾಚಿ ಮಲಗಿಸಿದಳು. ಬೆರಳ ತುದಿ ಮುಟ್ಟಿದ ಕಡೆಗೆ ಒಂದು ಹೆಜ್ಜೆ ಹಾಕಿ, ಅಲ್ಲಿ ಮತ್ತೆ ಮೊಣಕೈ ಊರಿದಳು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಎರಡು. ಮೂರಕ್ಕೆ ಕೈ ಕೆಳಗಿಳಿಸಿ ನೀರಿನ ಹಂಡೆಯ ಕಂಠ ಮುಟ್ಟಿ ಮುಂದೆ ಸಾಗಿದಳು. ನಾಲ್ಕು. ಐದು. ಆ ಗೋಡೆಯ ಮೇಲೆ ಸೊಂಟಕ್ಕಿಂತ ಸ್ವಲ್ಪ ಮೇಲೆ ಸಾಲಾಗಿ ಎಣ್ಣೆಗಪ್ಪು ಕಲೆಗಳಿದ್ದವು. ಚಿಕ್ಕಸ್ವಾಮಿ ಹೋದ ವರ್ಷ ಅವನ್ನು ನೋಡಿ, ಗೋಡೆ ಗಲೀಜು ಮಾಡ್ತೀರಿ ಎಂದು ಹೆಂಡತಿಗೆ ರೇಗಿ ಸುಣ್ಣ ಬಳಿಸಿದ್ದ. ಸುಣ್ಣದ ಮೇಲೆ ಮತ್ತೆ ಮೂಡಿದ್ದ ಒಂದೊಂದು ಕಲೆಯೂ ಈಗ ಅವ್ವನ ಬೆರಳ ತುದಿಗೆ ಸರಿಯಾಗಿ ಸಿಗುತ್ತಿತ್ತು.

ಆರು. ಅವಳು ಏಳನೆಯ ಮೊಳಕ್ಕೆ ಕೈ ಚಾಚಿದಳು. ಅಲ್ಲಿ ಗೋಡೆ ಇರಲಿಲ್ಲ, ಕಟ್ಟೆ ಇರಲಿಲ್ಲ. ಕೈ ಬಯಲಿಗೆ ಹೋಗಿ, ಏನೂ ಸಿಗದೆ ಗಾಳಿಯಲ್ಲಿ ಹಾಗೇ ನಿಂತಿತು. ಅವ್ವನ ಮುಖದಲ್ಲಿ, ಹೊಣಕೆರೆಯ ಮಂಚದ ಮೇಲೆ ಕಂಡಿದ್ದ ಅದೇ ಗಾಬರಿ.

ವಾಹಿದ್ ಹೊರಗಿನಿಂದಲೇ ಬಾಗಿ ಆ ಕೈಯನ್ನು ಹಿಡಿದುಕೊಂಡರು. "ಇಲ್ಲೇ ಇವ್ನಿ ಕಣವ್ವ. ಇನ್ಮೇಲೆ ಏಳು ಬ್ಯಾಡ. ಆರೇ."

"ಆರಾ?"

"ಆರೇ. ಒಂದು ಮೊಳ ಕಮ್ಮಿ. ಆರಕ್ಕೆ ಬೆರಳು ಇಟ್ರೆ ಕಟ್ಟೆ ಅಂಚು ಸಿಕ್ಬೇಕು. ಅಂಗೆ ಕಟ್ಟಿಕೊಡ್ತೀನಿ."

ಆಮೇಲೆ ಚಿಕ್ಕಸ್ವಾಮಿಯ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನೋಟೀಸಲ್ಲಿ ಬರೆದಂಗೆ ಕಟ್ಟಿದ್ರೆ ಆರು ಮೊಳ ಎರಡಿಂಚು ಆಯ್ತದೆ. ಆರಕ್ಕೆ ಕಟ್ಟೆ ಸಿಕ್ಕಾಕಿಲ್ಲ. ಸಿಕ್ಕದೇ ಓದ್ರೆ ಏಳ್ನೇದು ಆಕ್ತಾರೆ. ಏಳ್ನೇದು ಓಗೋದು ಎಲ್ಲಿಗೆ? ಬೆಂಕಿಗೆ. ಈ ಮನೆ ನಿಮ್ಮವ್ವನ ಮೊಳದಲ್ಲಿ ಕಟ್ಟಿದ್ದು ಕಣಪ್ಪ, ಬಾಗ್ಲಿಂದ ಬಾಗ್ಲಿಗೆ ಎಲ್ಲಾ ಇಡೀ ಮೊಳ. ಅದಕ್ಕೇ ಇಲ್ಲಿ ಮಾತ್ರ ಓಡಾಡ್ತಾರೆ. ಕಣ್ಣು ಓದ ವರ್ಸಾನೇ ನಂಗೆ ಯೋಳಿದ್ರು. ನಿಂಗೆ ಯೋಳಿಲ್ವಾ?"

"ಇವ್ನಿಗೆ ಯಾವಾಗ ಯೋಳದು," ಎಂದಳು ಅವ್ವ. "ಬರೋವಾಗ್ಲೂ ಕೂಕ್ಕೊಂಡು ಬತ್ತಾನೆ, ಓಗೋವಾಗ್ಲೂ ಕೂಕ್ಕೊಂಡು ಓಯ್ತಾನೆ."

ಚಿಕ್ಕಸ್ವಾಮಿ ಗೋಡೆಯ ಮೇಲಿನ ಕಲೆಗಳನ್ನು ನೋಡಿದ. ಏನಾದರೂ ಹೇಳಬೇಕಲ್ಲ ಎಂದು, "ಅಂಗಾದ್ರೆ ಮನೆ ಇಪ್ಪತ್ತೇ ಮೊಳ ಆಯ್ತು. ನಾಯಿ ಆಯ ಬತ್ತದೆ," ಎಂದ.

"ಬರ್ಲಿ ಬುಡು. ನಾಯಾದ್ರೆ ಮನೆ ಕಾಯ್ತದೆ. ಸಿಂಹ ಇಟ್ಕೊಂಡು ಯಾವನ್ಲಾ ನಿದ್ದೆ ಮಾಡಾನು?" ಎಂದಳು ಅವ್ವ.

ವಾಹಿದ್ ನಕ್ಕರು. ಮೂರು ದಿನದಲ್ಲಿ ಅದೇ ಮೊದಲು. ಚಿಕ್ಕಸ್ವಾಮಿ ನೆಲದಲ್ಲಿ ಬಿದ್ದಿದ್ದ ಟೇಪು ಎತ್ತಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹಳೆಯ ಲುಂಗಿ ಸುತ್ತಿಕೊಂಡು ಬಂದು, ಗುದ್ದಲಿ ತೆಗೆದುಕೊಂಡು ಮರಳಿಗೆ ಸಿಮೆಂಟು ಬೆರೆಸಲು ನಿಂತ. ಮಿಲ್ಲಿಗೆ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ.

ಅವರಿಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. "ನೀರು ಜಾಸ್ತಿ ಆಯ್ತು." "ಇಟ್ಟಿಗೆ ಕೊಡು." "ಅದಲ್ಲ, ಅರ್ಧದ್ದು." ಚಿಕ್ಕಸ್ವಾಮಿ ಒಳಗಡೆ ನಿಂತು ಇಟ್ಟಿಗೆ ಕೊಡುತ್ತಿದ್ದ, ವಾಹಿದ್ ಹೊರಗಡೆ ನಿಂತು ಇಡುತ್ತಿದ್ದರು. ಗೋಡೆ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಇಟ್ಟಿಗೆಯ ಪ್ರತಿ ಸಾಲಿಗೂ ಚಿಕ್ಕಸ್ವಾಮಿಗೆ, ಈಗ ಹೇಳಿಬಿಡೋಣ, ಆ ಹೊಸ್ತಿಲ ಮಾತು ತಪ್ಪಾಯಿತು ಅನ್ನೋಣ ಅನ್ನಿಸುತ್ತಿತ್ತು. ಬಾಯಿ ತೆರೆದರೆ, "ಗುಂಡು ಸರಿಯಾಗಿ ಇಡೀರಿ, ಸೊಟ್ಟಗಾದಾತು," ಎಂದು ಬರುತ್ತಿತ್ತು. ಕೊನೆಗೆ ಆಚೆಯಿಂದ ಟೋಪಿ ಮಾತ್ರ ಕಾಣುತ್ತಿತ್ತು, ಆಮೇಲೆ ಇಟ್ಟಿಗೆಗಾಗಿ ಮೇಲಕ್ಕೆ ಚಾಚಿದ ಕೈ ಮಾತ್ರ.

ಹಿತ್ತಲ ಬಾಗಿಲಿಗೆ ಬಿಟ್ಟ ಜಾಗದಿಂದ ಒಳಗೆ ಬಂದು ವಾಹಿದ್ ಕಟ್ಟೆ ಕಟ್ಟಿದರು, ಗಾರೆ ಬಳಿದರು. ಕಟ್ಟೆಯ ಅಂಚನ್ನು ಸಾಣೆಕಲ್ಲಿನಿಂದ ಉಜ್ಜಿ ದುಂಡಗೆ ಮಾಡಿದರು, ಬೆರಳಿಗೆ ತಾಗಿದರೆ ನೋಯದ ಹಾಗೆ. ಎಲ್ಲ ಮುಗಿದ ಮೇಲೆ ಬಾಗಿಲ ಚೌಕಟ್ಟು ನಿಲ್ಲಿಸಿ ಹೊಸ್ತಿಲು ಕೂರಿಸಿದರು. ಹೊಸ್ತಿಲು ಕೂತ ಮೇಲೆ ಅವರು ಒಳಗೆ ಕಾಲಿಡಲಿಲ್ಲ. ಸಣ್ಣಪುಟ್ಟದ್ದೇನಿದ್ದರೂ ಹೊರಗೆ ನಿಂತು, ಚಿಕ್ಕಸ್ವಾಮಿಗೆ ಹೇಳಿ ಮಾಡಿಸಿದರು. ಅದು ಆವತ್ತಿನ ಆಣೆಯ ಮಾತೆಂದು ಆಗ ಅವನಿಗೆ ಹೊಳೆಯಲೇ ಇಲ್ಲ.

ಗಡುವಿಗೆ ಎರಡು ದಿನ ಇರುವಾಗ ರಘುನಂದನ್ ಬಂದು ಟೇಪು ಹಿಡಿದ. ಎರಡೆರಡು ಸಲ ನೋಡಿದ. "ಎರಡಿಂಚು ಒಳಗೇ ಕಟ್ಟಿದ್ದೀರಲ್ರೀ. ಊರಲ್ಲಿ ಎಲ್ರೂ ಇಂಗೇ ಕಟ್ಟಿದ್ರೆ ನನ್ನ ಕೆಲ್ಸ ಓಯ್ತದೆ," ಎಂದು ಬರೆದುಕೊಂಡು ಹೋದ.

ಅವನು ಹೋದ ಮೇಲೆ ಸುನಿತಾ ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟಳು. ಅವ್ವ ಬಾಗಿಲಲ್ಲಿ ಬಂದು ನಿಂತಳು. ವಾಹಿದ್ ಹೊಸ ಬಾಗಿಲ ಆಚೆ, ಕೈಯಲ್ಲಿ ಕರಣೆ ಹಿಡಿದು ನಿಂತಿದ್ದರು.

ಒಂದು. ಎರಡು. ಹಂಡೆ. ನಾಲ್ಕು. ಐದು. ಅವ್ವ ಆರನೆಯ ಮೊಳಕ್ಕೆ ಮೊಣಕೈ ಊರಿ, ಕೈ ಚಾಚುವ ಮೊದಲು ಒಂದು ಗಳಿಗೆ ನಿಂತಳು. ಅವಳು ಮುಂಗೈ ಮಲಗಿಸಿದಳು. ನಡುಬೆರಳ ತುದಿ ಕಟ್ಟೆಯ ದುಂಡು ಅಂಚಿಗೆ, ಒಂದು ಕೂದಲೆಳೆ ಆಚೀಚೆ ಇಲ್ಲದೆ, ಮುಟ್ಟಿ ನಿಂತಿತು. ಅವ್ವ ಆ ಅಂಚನ್ನು, ಕರುವಿನ ಮೂತಿ ಸವರುವ ಹಾಗೆ ಎರಡು ಸಲ ಸವರಿದಳು. ಆಮೇಲೆ, "ಮುದ್ದೆ ಕೋಲು ಎಲ್ಲೇ ಸುನಿತಾ, ಇಟ್ಟು ಗಂಟು ಕಟ್ಕೋತದೆ," ಎಂದು ಸೆರಗು ಸಿಕ್ಕಿಸಿ ಮುದ್ದೆ ತಿರುವಲು ನಿಂತಳು.

ಚಿಕ್ಕಸ್ವಾಮಿ ಸರಸರ ಒಳಗೆ ಹೋಗಿ ಬೀರು ತೆಗೆದ. ಕೆಳಗಿನ ಖಾನೆಯಲ್ಲಿ ಹನ್ನೊಂದು ವರ್ಷದಿಂದ ಒಂದು ಪಂಚೆ, ಒಂದು ಶಲ್ಯ ಮಡಿಸಿದ ಹಾಗೇ ಇದ್ದವು. ಗೃಹಪ್ರವೇಶದ ದಿನ ಮೇಸ್ತ್ರಿಯನ್ನು ಮಣೆಯ ಮೇಲೆ ಕೂರಿಸಿ ಕೊಡಬೇಕಾದ ಉಡುಗೊರೆ. ಆವತ್ತು ಬಚ್ಚಲ ನಲ್ಲಿ ಸೋರುತ್ತದೆ ಎಂದು ಚಿಕ್ಕಸ್ವಾಮಿ ನೆಂಟರೆಲ್ಲರ ಎದುರಿಗೇ ಅವರ ಮೇಲೆ ಕೂಗಾಡಿದ್ದ. ಅವರು ಊಟ ಮಾಡದೆ ಎದ್ದು ಹೋಗಿದ್ದರು. ಮೂರನೆಯ ದಿನ ತಾವೇ ಬಂದು ನಲ್ಲಿ ಸರಿಮಾಡಿ ಕಾಫಿ ಕುಡಿದು ಹೋದರು. ಉಡುಗೊರೆಯ ಮಾತನ್ನು ಮಾತ್ರ ಇವನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಬಟ್ಟೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದ. "ಸಾಬ್ರೇ, ಮುಂದ್ಲ ಬಾಗ್ಲಿಂದ ಬನ್ನಿ. ಮಣೆ ಆಕುಸ್ತೀನಿ. ಮುದ್ದೆ, ಬಸ್ಸಾರು ಆಗದೆ. ಉಣ್ದೆ ಓದ್ರೆ ಕಾಲು ಮುರೀತೀನಿ."

ಹೇಳಬೇಕೆಂದುಕೊಂಡಿದ್ದ ಮಾತು ಅದಲ್ಲ.

ವಾಹಿದ್ ಅವನ ಮುಖವನ್ನೂ, ಕೈಯಲ್ಲಿದ್ದ ಬಟ್ಟೆಯನ್ನೂ, ನಡುವೆ ತಾವೇ ಕೂರಿಸಿದ ಹೊಸ್ತಿಲನ್ನೂ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. "ಕೈಯೆಲ್ಲ ಗಾರೆ ಆಗದೆ ಕಣಪ್ಪ. ತೊಳ್ಕೊಂಡು ಬತ್ತೀನಿ," ಎಂದು ನಲ್ಲಿಯ ಕಡೆಗೆ ನಡೆದರು.

ಚಿಕ್ಕಸ್ವಾಮಿ ನಡುಮನೆಯಲ್ಲಿ ಮಣೆ ಹಾಕಿದ. ಎಲೆ ಹಾಸಿದ. ಎಲೆಯಡಿಕೆ ತಟ್ಟೆಯ ಮೇಲೆ ಪಂಚೆ ಶಲ್ಯ ಇಟ್ಟ. ತಲೆಬಾಗಿಲನ್ನು ಪೂರ್ತಿ ತೆರೆದು, ಜಗಲಿಯ ಮೇಲೆ ನಿಂತು ಬೀದಿ ನೋಡಿದ. ಸಾಬರು ಬಂದು ಮೆಟ್ಟಿಲ ಹತ್ತಿರ ನಿಂತ ಕೂಡಲೇ, ನಾನು ಆಡಿದ್ದು ತಪ್ಪು, ಒಳಗೆ ಬನ್ನಿ ಎಂದು ಮೆಲ್ಲಗೆ ಹೇಳುವುದು ಹೇಗೆಂದು ಮನಸ್ಸಿನಲ್ಲೇ ಒಂದೆರಡು ಸಲ ಆಡಿಕೊಂಡ.

ಒಳಗಿನಿಂದ ಅವ್ವ ಕರೆದಳು. "ಯಾರ್ಗ್ಲಾ ಕಾಯ್ತಿದ್ದೀಯ? ಓದ್ರು ಕಣ್ಲಾ ಅವ್ರು. ಎಜ್ಜೆ ಸದ್ದು ಸಂದೀಲಿ ಓಯ್ತು."

ಚಿಕ್ಕಸ್ವಾಮಿ ಹಿತ್ತಲಿಗೆ ಓಡಿದ. ನಲ್ಲಿ ಒಣಗಿತ್ತು. ಕರಣೆ, ಗುಂಡು, ಸುತ್ತಿಗೆ ಇದ್ದ ಚೀಲ ಇರಲಿಲ್ಲ. ಹೊಸ ಕಿಟಕಿಯ ಕಟ್ಟೆಯ ಮೇಲೆ ಅವ್ವನ ಮೊಳದ ಆ ಹದಿನೇಳು ಇಂಚಿನ ಬಿದಿರುಕೋಲು ಇತ್ತು, ಮೇಸ್ತ್ರಿಯ ಹನ್ನೊಂದು ವರ್ಷದ ಕೈ ಬೆವರಿಗೆ ಜೇನಿನ ಬಣ್ಣಕ್ಕೆ ತಿರುಗಿ. ಗೋಡೆ ಒಂದು ಮೊಳ ಒಳಕ್ಕೆ ಸರಿದಿದ್ದರಿಂದ, ಮೈ ಅಡ್ಡ ಮಾಡಿ ತೂರಬೇಕಿದ್ದ ಸಂದಿಯಲ್ಲಿ ಈಗ ಮನುಷ್ಯ ನೆಟ್ಟಗೆ ನಡೆದುಹೋಗಬಹುದಿತ್ತು. ಅದು ಆ ತುದಿಯ ಬೀದಿಯವರೆಗೂ ಖಾಲಿಯಾಗಿ ಕಾಣುತ್ತಿತ್ತು.

"ಮೂರ್ನೇ ದಿನಕ್ಕೆ ಬತ್ತಾರೆ ಬುಡಿ, ಓದ್ಸಲದಂಗೆ," ಎಂದಳು ಸುನಿತಾ.

ಚಿಕ್ಕಸ್ವಾಮಿ ಪಂಚೆ ಶಲ್ಯವನ್ನು ಬೀರುವಿಗೆ ವಾಪಸ್ಸು ಇಡಲಿಲ್ಲ, ಮಣೆಯ ಮೇಲೇ ಇಟ್ಟ. ಮೂರನೆಯ ದಿನ ಮಿಲ್ಲಿಗೆ ಬೀಗ ಹಾಕಿ ಮನೆಯಲ್ಲೇ ಕೂತ. ತಲೆಬಾಗಿಲು ತೆರೆದೇ ಇತ್ತು. ಮಧ್ಯಾಹ್ನ ಅವ್ವ ಆರು ಮೊಳ ನಡೆದು ಮುದ್ದೆ ತಿರುವಿದಳು. ಒಂದು ಮುದ್ದೆ ಹೆಚ್ಚಾಗಿಯೇ ಕಟ್ಟಿದಳು. ಸಂಜೆಗೆ ಅದು ತಣ್ಣಗಾಗಿ ಗಟ್ಟಿಯಾಯಿತು.

ಗಂಜಾಮಿನ ಕೊನೆಯ ಬಸ್ಸು ಬಂದು ಹೋದ ಸದ್ದು ಕೇಳಿದ ಮೇಲೂ ಚಿಕ್ಕಸ್ವಾಮಿ ಬಾಗಿಲು ಹಾಕಲಿಲ್ಲ.